ಬಾಗಿಲಲ್ಲಿ ಆಡಿದ ಮಾತು

ಇರಾನಿ ಚಿತ್ರ ಮುಗಿದಿತ್ತು. ಕಾಣೆಯಾದ ಗಂಡ ಕೊನೆಗೂ ಸಿಗಲಿಲ್ಲ. ಸತ್ತಿದ್ದಾನೆ ಎಂದು ಫಿಲ್ಮ್ ಸೊಸೈಟಿಯ ಅರ್ಧ ಜನ, ಹೆಂಡತಿಯನ್ನು ಬಿಟ್ಟು ಓಡಿಹೋಗಿದ್ದಾನೆ ಎಂದು ಇನ್ನರ್ಧ ಜನ ಜಗಳಕ್ಕೇ ಬಿದ್ದರು.

ಹಣೆ ತುಂಬ ಕುಂಕುಮವಿಟ್ಟಿದ್ದ ಹೆಂಗಸೊಬ್ಬರು ಎದ್ದು ನಿಂತರು.

"ಏನೇ ಆಗಿರ್ಲಿ, ಅವನು ವಾಪಸ್ ಬರಲ್ಲ. ಬಾಗಿಲಲ್ಲಿ ನಿಂತು 'ಹೋಗ್ತೀನಿ' ಅಂದುಬಿಟ್ಟ. ಮನೆಯಿಂದ ಹೊರಡುವಾಗ ಯಾರಾದ್ರೂ ಹಾಗಂತಾರಾ?"

ಕನ್ನಡ ಸಬ್‌ಟೈಟಲ್ ಬರೆದಿದ್ದವನು ನಾನು.

"ಅದು ನನ್ನ ತಪ್ಪು, ಮೇಡಂ. ಪರದೆ ಮೇಲೆ ಜಾಗ ಸಾಲಲಿಲ್ಲ ಅಂತ ಮೊಟಕು ಮಾಡಿದೆ. ಅವನು ಹೇಳೋದು 'ಹೋಗಿ ಬರ್ತೀನಿ' ಅಂತಲೇ."

ಎಲ್ಲರೂ ನಕ್ಕರು. ಅವರು ಮಾತ್ರ ಮೆಲ್ಲಗೆ ಕುಳಿತುಕೊಂಡರು.

"ನಮ್ಮನೆಯವರು ಹಾಗಂತಲೇ ಹೋಗಿದ್ದು, ಹನ್ನೊಂದು ವರ್ಷದ ಹಿಂದೆ," ಎಂದರು. "ಹೋಗಿ ಬರ್ತೀನಿ ಅಂದವರೂ ಬರದೇ ಇರ್ತಾರಾ?"