ಎರಡನೆಯ ಪ್ರತಿ

“ಮೇಜಿಗೆ ಕೈ ತಾಗಿಸಬೇಡಿ ಅತ್ತೆ, ಡಿಸ್ಕ್ ಬರೀತಾ ಇದೆ,” ಎಂದಳು ಸೊಸೆ. ಅತ್ತೆ ತಕ್ಷಣ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತರು. ಮೇಜು ಅದುರಬಾರದೆಂದು ಅಂಗಡಿಯ ಎಂಬ್ರಾಯ್ಡರಿ ಮಷಿನ್‌ಗಳನ್ನೆಲ್ಲ ನಿಲ್ಲಿಸಿಯಾಗಿತ್ತು. ಬೆಳಗಿನಿಂದ ಕಂಪ್ಯೂಟರಿನ ಹೊಟ್ಟೆಯೊಳಗೆ ಕಟಕಟ ಸದ್ದು. ಅದು ಯಾವ ಗಳಿಗೆಯಲ್ಲಿ ಕೈಕೊಡುತ್ತದೋ ಹೇಳುವಂತಿರಲಿಲ್ಲ. ಅತ್ತೆ ಜೀವಮಾನವಿಡೀ ಬರೆದ ಹೂವು, ಬಳ್ಳಿ, ಹಕ್ಕಿಗಳೆಲ್ಲ ಇದ್ದದ್ದು ಅದೊಂದರಲ್ಲೇ. ಕಾಗದದ ಮೇಲಿನ ಮೂಲಗಳನ್ನು ಗೆದ್ದಲು ಎಂದೋ ಮುಗಿಸಿತ್ತು.

ಅವನ್ನೆಲ್ಲ ಡಿಸ್ಕಿಗೆ ಬರೆಯುವ ಸಾಫ್ಟ್‌ವೇರ್ ಆರಿಸುವುದರಲ್ಲೇ ಸೊಸೆಗೆ ಸಾಕುಸಾಕಾಗಿತ್ತು. ಒಂದು, ಊಟಕ್ಕೆ ಕರೆದ ನೆಂಟ ತನ್ನ ಬಳಗವನ್ನೇ ಕರೆತಂದ ಹಾಗೆ, ಬೇಡದ ಪ್ರೋಗ್ರಾಂಗಳನ್ನೆಲ್ಲ ಒಳಗೆ ತುಂಬಿತು. ಇನ್ನೊಂದು ‘ಯಶಸ್ವಿಯಾಗಿ ಮುಗಿಯಿತು’ ಎಂದು ಬೀಗುತ್ತಾ ಡಿಸ್ಕನ್ನು ಹೊರಗೆ ನೂಕಿತು. ತೆರೆದು ನೋಡಿದರೆ ಫೈಲುಗಳ ಹೆಸರಷ್ಟೇ, ಒಳಗೆ ಏನೂ ಇಲ್ಲ. ಅದಕ್ಕೆ ಬಾಯಿತುಂಬ ಬೈದು ಈ ಮೂರನೆಯದನ್ನು ಹುಡುಕಿದ್ದಳು. ಇದು ಬರೆದು ಸುಮ್ಮನಾಗುವ ಜಾತಿಯದಲ್ಲ. ಬರೆದದ್ದನ್ನು ಮತ್ತೆ ಓದಿ, ಮೂಲದ ಜೊತೆ ತಾಳೆ ನೋಡುತ್ತದೆ.

ತೆರೆಯ ಮೇಲಿನ ಹಸಿರು ಪಟ್ಟಿ ತುದಿ ಮುಟ್ಟಿತು. ಅತ್ತೆ ಚಪ್ಪಾಳೆ ತಟ್ಟಲು ಹೊರಟರು.

“ತಡೀರಿ, ಈಗ ತಾಳೆ ನೋಡ್ತಿದೆ.”

ಪಟ್ಟಿ ಮತ್ತೆ ಮೊದಲಿನಿಂದ ತೆವಳತೊಡಗಿತು. ನಡುವೆ ಒಂದು ಕಡೆ ನಿಂತೇಬಿಟ್ಟಿತು. ಕಟಕಟ ಜೋರಾಯಿತು. ಸೊಸೆ ತೆರೆಯ ಹತ್ತಿರಕ್ಕೆ ಬಗ್ಗಿದಳು. ಅತ್ತೆ ಅವಳ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಕೊನೆಗೂ ಪಟ್ಟಿ ಅಲುಗಿತು, ಓಡಿತು. ಒಂದೂ ತಪ್ಪಿಲ್ಲ! ಇಬ್ಬರೂ ಕೂಗಿದ ಕೂಗಿಗೆ ಎದುರಂಗಡಿಯವನು ಹೊರಬಂದು ಇಣುಕಿದ. ಸೊಸೆಗೆ ಹಿಡಿಸಲಾರದಷ್ಟು ಖುಷಿ. ಅತ್ತೆಯ ಎರಡೂ ಕೈ ಹಿಡಿದು ಗಿರಗಿರನೆ ಸುತ್ತಿದಳು. ಅದೇ ಹುರುಪಿನಲ್ಲಿ ಎರಡನೆಯ ಪ್ರತಿಯೂ ತಯಾರಾಯಿತು.

“ಒಂದು ಇಲ್ಲಿರಲಿ. ಇನ್ನೊಂದು ಬೇರೆ ಯಾರ ಮನೇಲಾದ್ರೂ ಇರಬೇಕು ಅತ್ತೆ. ಬೆಂಕಿಗಿಂಕಿ ಬಿದ್ರೆ ಎರಡೂ ಒಟ್ಟಿಗೆ ಹೋಗ್ಬಾರ್ದು. ನಮ್ಮಮ್ಮನಿಗೆ ಕೊಡ್ಲಾ?”

“ನಿಮ್ಮಮ್ಮ ಎಲ್ಲಿಟ್ಟೆ ಅಂತ್ಲೇ ಮರೀತಾರೆ. ನನ್ನ ತಂಗಿಗೆ ಕೊಡೋಣ.”

“ಚಿಕ್ಕತ್ತೆಗಾ?” ಸೊಸೆ ಕಣ್ಣುಕಣ್ಣು ಬಿಟ್ಟಳು. ಅತ್ತೆಯ ತಂಗಿಯದೂ ಇದೇ ಕಸುಬು, ಮುಂದಿನ ಬೀದಿಯಲ್ಲೇ ಅಂಗಡಿ. ಅಕ್ಕನ ಡಿಸೈನ್‌ಗಳ ಮೇಲೆ ಕಣ್ಣುಹಾಕಿ, ತನ್ನ ಕಡೆಯವರನ್ನು ಗಿರಾಕಿಗಳ ಹಾಗೆ ಕಳಿಸಿ ಸಿಕ್ಕಿಬಿದ್ದ ಮೇಲೆ ಅಕ್ಕತಂಗಿಯರ ನಡುವೆ ಮಾತುಕತೆ ನಿಂತಿತ್ತು. “ಒಂದೂ ಬಿಡದೆ ನಕಲು ಹೊಡೀತಾರೆ ಅತ್ತೆ.”

“ಹೊಡೀಲಿ. ಈಗ ಆ ಪಟ್ಟಿ ನಿಂತಾಗ ಎಲ್ಲಾ ಹೋಯ್ತು ಅಂದ್ಕೊಂಡೆ ಕಣೇ. ಹೋಗೋದಕ್ಕಿಂತ ನಕಲಾಗೋದೇ ವಾಸಿ.” ಅತ್ತೆ ಆಗಲೇ ಚಪ್ಪಲಿ ಮೆಟ್ಟಿಕೊಂಡು ಡಿಸ್ಕಿಗೆ ಕೈ ಚಾಚಿದ್ದರು. “ಅಲ್ಲದೆ, ಇಷ್ಟು ವರ್ಷ ಇದಕ್ಕೇ ಹೊಟ್ಟೆ ಉರ್ಕೊಂಡವಳು ಅವಳು. ಅವಳಷ್ಟು ಜೋಪಾನವಾಗಿ ಇದನ್ನ ಇನ್ಯಾರು ಇಟ್ಕೋತಾರೆ ಹೇಳು?”