ಗುಂಡನ ಎಡಗಾಲು

ಕೆಲವು ವಿವರ ತಪ್ಪಿರಬಹುದು. ಆಗ ನನಗೆ ಎಂಟೋ ಒಂಬತ್ತೋ ವರ್ಷ. ಆದರೂ ಬಿಸಿ ಹರಳೆಣ್ಣೆಯ ವಾಸನೆ ಬಂದರೆ ಇವತ್ತಿಗೂ ಪೀಣ್ಯದ ನಮ್ಮ ಬಾಡಿಗೆ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಜ್ಜಿ ಕಾಲು ನೀಡಿ ಕೂತು, ಚಿಕ್ಕಮ್ಮನ ಮೂರು ತಿಂಗಳ ಮಗ ಗುಂಡನಿಗೆ ಎಣ್ಣೆ ತೀಡುತ್ತಿದ್ದಳು. ಸ್ನಾನವಾದ ಮೇಲೆ ಅವನ ಕಾಲುಗಳನ್ನು ನೆಟ್ಟಗೆ ಜೋಡಿಸಿ, ಹಳೇ ಪಂಚೆಯಲ್ಲಿ ಬಿಗಿಯಾಗಿ ಸುತ್ತುವುದು ಅವಳ ಕ್ರಮ.

"ಅಜ್ಜಿ, ಇವನ ಒಂದು ತೊಡೇಲಿ ಮಡಿಕೆ ಜಾಸ್ತಿ ಇದೆ," ಎಂದೆ. ನಾನೇ ಹೇಳಿದ್ದು ಎಂದು ನನ್ನ ನೆನಪು.

"ಆ ತೊಡೆ ಹಾಲು ಜಾಸ್ತಿ ಕುಡಿದಿದೆ ಕಣೇ," ಅಜ್ಜಿ ನಕ್ಕಳು.

ಚಿಕ್ಕಮ್ಮ ನಗಲಿಲ್ಲ. ಮಗುವಿನ ಮಂಡಿಗಳನ್ನು ಮಡಚಿ ಅಗಲಿಸಿದಳು. ಬಲಗಾಲು ಸಲೀಸಾಗಿ ಹೋಯಿತು, ಎಡಗಾಲು ಅರ್ಧಕ್ಕೇ ನಿಂತಿತು. "ಡಾಕ್ಟರ್‌ಗೆ ತೋರಿಸ್ತೀನಮ್ಮ. ಅಲ್ಲೀವರೆಗೂ ಕಾಲು ಕಟ್ಟಬೇಡ."

"ಕಟ್ಟದಿದ್ರೆ ಸೊಟ್ಟ ಆಗುತ್ತೆ."

"ಆಗ್ಲಿ ಬಿಡು."

ಗುಂಡ ಅಜ್ಜಿಯ ಗಲ್ಲಕ್ಕೇ ಒದ್ದ. "ನೋಡು, ನಿಮ್ಮಮ್ಮನ ಪಾರ್ಟಿನೇ ನೀನೂ," ಎಂದಳು ಅಜ್ಜಿ.

ಸೊಂಟದ ಕೀಲು ಸರಿಯಾಗಿ ಕೂತಿಲ್ಲ, ಬೇಗ ಗೊತ್ತಾಗಿದ್ದು ಒಳ್ಳೆಯದಾಯಿತು ಎಂದು ಡಾಕ್ಟರು ಕಾಲು ಅಗಲಿಸಿಡುವ ಪಟ್ಟಿ ಹಾಕಿದರು. ಗುಂಡ ಕಪ್ಪೆಯ ಹಾಗೆ ಮಲಗಿ, ಬಂದವರನ್ನೆಲ್ಲ ನಗಿಸಿದ. ಈಗ ಓಡುವ ರೈಲು ಹತ್ತುವವನು.

ಪಟ್ಟಿ ಹಾಕಿಸಿ ತಂದ ದಿನ ನನ್ನ ಅಮ್ಮ, ಅಜ್ಜಿಯ ಹಿರಿಮಗಳು, ಎಂದಿನಂತೆ ಒಂದು ಕಡೆ ವಾಲಿಕೊಂಡು ನಡೆದು ಬಂದು ಅವನನ್ನು ಎತ್ತಿಕೊಂಡಳು. ನಾನು ಅಜ್ಜಿಯನ್ನು ಕೇಳಿದ್ದು ಆಗಲೇ:

"ಅಮ್ಮ ಪಾಪು ಆಗಿದ್ದಾಗ ಅವಳ ತೊಡೆ ಯಾರಾದ್ರೂ ನೋಡಿದ್ರಾ ಅಜ್ಜಿ?"