ಬಂಗಲೆ ನೋಡಲು ಬಂದ ನಾಲ್ವರು

ಆ ನಾಲ್ಕು ಜನ ನಿಜವಾದ ಪ್ರವಾಸಿಗರಲ್ಲ ಎಂಬ ಅನುಮಾನ ಟಿಕೆಟ್ ಕೊಡುವ ಹೆಂಗಸಿಗೆ ನೋಡಿದ ಕೂಡಲೇ ಬಂತು. ಅವಳು ಕೆಲಸಕ್ಕೆ ಸೇರಿ ಹದಿನೈದೇ ದಿನವಾಗಿತ್ತು, ಆದರೆ ಕಣ್ಣು ಚುರುಕು. ಸೋಮವಾರ ಮಧ್ಯಾಹ್ನ, ಊರಿನಿಂದ ಎಂಟು ಮೈಲಿ ದೂರ, ಯಾವುದೋ ಧಣಿಯ ಹಳೇ ಬಂಗಲೆ ನೋಡಲು ಅಜ್ಜ, ಅಜ್ಜಿ, ಮಗಳು, ಮೊಮ್ಮಗಳು ಸಮೇತ ಯಾರು ಬರುತ್ತಾರೆ? ಅದೂ ಮೇಲಧಿಕಾರಿ ತಪಾಸಣೆಗೆಂದು ಬಂದು ಹಜಾರದಲ್ಲಿ ಕುರ್ಚಿ ಹಾಕಿಕೊಂಡು ಕೂತ ದಿನವೇ?

ಸಾಹೇಬರೇ ಕರೆಸಿರಬೇಕು, ನಿಮ್ಮನ್ನು ಕೆಣಕಿ ನೋಡೋಕೆ ಎಂದು ಅವಳು ಗೈಡ್‌ನ ಕಿವಿಯಲ್ಲಿ ಪಿಸುಗುಟ್ಟಿದಳು. ಅವನ ಮುಖ ಬಿಳಿಚಿಕೊಂಡಿತು.

ಬಿಳಿಚಿಕೊಳ್ಳದೆ ಇನ್ನೇನು? ಪ್ರವಾಸಿಗರ ಮೇಲೆ ರೇಗಿದ್ದಕ್ಕೆ ಆಗಲೇ ಅವನ ಮೇಲೆ ಎರಡು ದೂರುಗಳಿದ್ದವು. ಧಣಿಯ ಮಂಚದ ಮೇಲೆ ಉರುಳಿಕೊಂಡವನೊಬ್ಬ, ಧಣಿಯ ಹೆಂಡತಿಯ ಬಾಚಣಿಗೆಯಲ್ಲಿ ತಲೆ ಬಾಚಿಕೊಂಡವಳೊಬ್ಬಳು, ಇಬ್ಬರೂ ಅವನ ಬಾಯಿಗೆ ಸಿಕ್ಕಿದ್ದರು. ಮೂರನೇ ದೂರು ಬಂದರೆ ಕೆಲಸ ಹೋಗುತ್ತದೆ. ಪ್ರವಾಸಿಗರೇ ಬರದಿದ್ದರೂ ಹೋಗುತ್ತದೆ. ನೋಡುವವರಿಲ್ಲದ ಮನೆಗೆ ತೋರಿಸುವವನು ಯಾಕೆ ಎಂದು ಸಾಹೇಬರು ಬೆಳಗ್ಗೆಯೇ ಕೇಳಿದ್ದರು. ಯಾರದೋ ಮನೆತನದ ಮೂರು ತಲೆಮಾರಿನ ವಂಶಾವಳಿ ಬಾಯಿಪಾಠ ಮಾಡಿಕೊಂಡವನಿಗೆ ಬೇರೆ ಎಲ್ಲಿ ಕೆಲಸ ಸಿಕ್ಕೀತು? ಅವನಿಗೆ ನಿಜಕ್ಕೂ ಭಯವಾಗಿತ್ತು. ಇಂಥವರ ಜೊತೆ ಏಗುವುದರಲ್ಲಿ ಅವನಿಗೆ ಒಂಬತ್ತು ವರ್ಷದ ಅನುಭವವಿತ್ತು ನಿಜ. ಅದಕ್ಕೇ ಭಯ ಇನ್ನೂ ಹೆಚ್ಚು.

ಸಾಹೇಬರು ಪುಸ್ತಕ, ಪೆನ್ನು ಹಿಡಿದು ಹಿಂದೆಯೇ ಹೊರಟರು.

ಅಜ್ಜಿ ಪಿಯಾನೋ ಮೇಲೆ ಬೆರಳೆಳೆದು, ಆ ಬೆರಳನ್ನು ಪ್ರದರ್ಶನಕ್ಕಿಟ್ಟವರಂತೆ ಎಲ್ಲರಿಗೂ ತೋರಿಸಿದರು. ಒರೆಸುವುದೆಂದರೆ ಮೈಭಾರ ಎನ್ನುವುದು ಇವನ ಮುಖ ನೋಡಿದರೇ ಗೊತ್ತಾಗುತ್ತದೆ ಎಂದರು. ಏನಪ್ಪಾ, ಬಾರಯ್ಯಾ ಎಂದು ಆಕೆ ಬಾಗಿಲಿನಿಂದಲೇ ಏಕವಚನ ಶುರು ಮಾಡಿದ್ದರು. ಹೋಗುತ್ತಾ ಹೋಗುತ್ತಾ ಅದರ ರುಚಿ ಹತ್ತಿದಂತಿತ್ತು.

ಅಜ್ಜ ನಿಂತುಹೋದ ಗಡಿಯಾರ ನೋಡಿ ಕೆಮ್ಮಿದರು. ರಿಪೇರಿ ಮಾಡಿಸುತ್ತೇವೆ ಎಂದ ಗೈಡ್. ಹೇಳ್ತಾನೇ ಇರ್ತಾರೆ ಎಂದು ಅಜ್ಜ ಗೋಡೆಗೆ ಹೇಳಿ, 'ಕೂರಬಾರದು' ಎಂಬ ಫಲಕವಿದ್ದ ಕುರ್ಚಿಯಲ್ಲಿ ಆರಾಮಾಗಿ ಕೂತರು. ಫಲಕವನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಗೈಡ್ ಬಾಯಿ ತೆರೆದ. ಸಾಹೇಬರ ಪೆನ್ನು ಮೇಲೆದ್ದಿತು.

"ಕಾಲು ನೋಯ್ತಿದೆಯಾ ಸಾರ್? ದಯವಿಟ್ಟು ಹೊರಗೆ ಬನ್ನಿ, ಇದಕ್ಕಿಂತ ಮೆತ್ತಗಿರೋ ಬೆಂಚಿದೆ."

ಏಳು ವರ್ಷದ ಮೊಮ್ಮಗಳು ಒಂದು ಮಾತೂ ಆಡಲಿಲ್ಲ. ತುಟಿ ಬಿಗಿಹಿಡಿದು ಗೈಡ್‌ನನ್ನೇ ನೋಡುತ್ತಿದ್ದಳು. ಅವನು 'ದಯವಿಟ್ಟು' ಎಂದಾಗಲೆಲ್ಲ ಕಿಸಕ್ಕನೆ ನಕ್ಕು ಅಮ್ಮನಿಂದ ಚಿವುಟಿಸಿಕೊಳ್ಳುತ್ತಿದ್ದಳು.

ಮಲಗುವ ಕೋಣೆಯಲ್ಲಿ ಗೈಡ್ ತನ್ನ ಮಾಮೂಲಿ ಕಥೆ ಹೇಳಿದ. ಧಣಿ ವಿಪರೀತ ಗೊರಕೆ ಹೊಡೆಯುತ್ತಿದ್ದನಂತೆ, ಅದಕ್ಕೇ ಧಣಿಯ ಹೆಂಡತಿಗೆ ಆ ತುದಿಯಲ್ಲಿ ಬೇರೆ ಕೋಣೆ. ಅಲ್ಲಿಯವರೆಗೆ ಸುಮ್ಮನಿದ್ದ ಮಗಳು ಆ ಕೋಣೆಯ ಬಾಗಿಲನ್ನು ಬಹಳ ಹೊತ್ತು ನೋಡಿದಳು.

"ಪುಣ್ಯವಂತೆ," ಎಂದಳು.

ಅಡುಗೆಮನೆಯಲ್ಲಿ ಇನ್ನೂ ಹದಗೆಟ್ಟಿತು. ಧಣಿ ತನ್ನ ಹೆಂಡತಿಯ ಕೈಗೆ ಮೂವರು ಆಳುಗಳನ್ನು ಕೊಟ್ಟಿದ್ದನೆಂದು ಗೈಡ್ ಹೇಳಿದ್ದೇ ತಪ್ಪಾಯಿತು. ಕೇಳಿಸ್ಕೊಂಡೆಯೇನಪ್ಪಾ ಎಂದು ಅಜ್ಜಿ ಹೇಳಿದವನನ್ನೇ ಕೇಳಿದರು. ಸಂಬಳವೆಷ್ಟು, ಅದರಲ್ಲಿ ಮನೆಗೆ ತಲುಪುವುದೆಷ್ಟು, ಕೊನೆಯ ಸಲ ಪಾತ್ರೆ ತೊಳೆದದ್ದು ಯಾವಾಗ ಎಂದೆಲ್ಲ ವಿಚಾರಣೆ ನಡೆಯಿತು. ಬಂಗಲೆಯ ಇತಿಹಾಸ ಅತ್ತ ಬಿತ್ತು. ಗೈಡ್‌ನ ಕಿವಿ ಕೆಂಪಾಯಿತು, ಹಣೆಯ ನರ ಉಬ್ಬಿತು. ಸಾಹೇಬರು ಹತ್ತಿರ ಬಂದು ನಿಂತರು. ಅಜ್ಜಿ ಇದನ್ನೇ ಕಾಯುತ್ತಿದ್ದವರಂತೆ ಕೊನೆಯ ಬಾಣ ಬಿಟ್ಟರು.

"ಯಾರಪ್ಪಾ ನಿನಗೆ ಹೆಣ್ಣು ಕೊಟ್ಟ ಪುಣ್ಯಾತ್ಮರು?"

ಬಾಗಿಲಿಗೆ ಬಂದು ನಿಂತಿದ್ದ ಟಿಕೆಟ್ ಹೆಂಗಸು ಕಣ್ಣು ಮುಚ್ಚಿಕೊಂಡಳು. ಈಗ ಅವನು ಕೂಗಿದರೆ ಮುಗಿಯಿತು, ನಾಳೆಯಿಂದ ಮನೆಯಲ್ಲೇ. ಗೈಡ್ ಹಲ್ಲೆಲ್ಲ ಕಾಣುವಂತೆ ನಕ್ಕ.

"ಒಳ್ಳೆಯವರೇ ಮೇಡಂ. ಬಾಯಿ ಸ್ವಲ್ಪ ದೊಡ್ಡದು."

ಅಜ್ಜ ಬೆಂಚು ಬೇಕೆಂದು ಅವಸರವಾಗಿ ಹೊರಗೆ ನಡೆದರು. ಅಜ್ಜಿ ಅಭಿಪ್ರಾಯದ ಪುಸ್ತಕ ತರಿಸಿಕೊಂಡು, ಕನ್ನಡಕ ಏರಿಸಿ, ನಿಧಾನವಾಗಿ ಎರಡು ಸಾಲು ಬರೆದರು. ಅವರು ಹೋದ ಮೇಲೆ ಸಾಹೇಬರು ಗಟ್ಟಿಯಾಗಿ ಓದಿದರು: ಮನೆ ತುಂಬ ಧೂಳು. ಹುಡುಗನಿಗೆ ತಾಳ್ಮೆ ಇದೆ.

ಸಾಹೇಬರು ಪುಸ್ತಕ ಮುಚ್ಚಿ ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. ಎಲ್ಲಿಂದ ಬರುತ್ತಾರೆ ಇಂಥ ಜನ, ನಾನಾಗಿದ್ದರೆ ಕತ್ತು ಹಿಡಿದು ಆಚೆ ನೂಕುತ್ತಿದ್ದೆ ಎಂದರು. ಟಿಕೆಟ್ ಹೆಂಗಸಿನ ಪತ್ತೇದಾರಿಕೆ ಅಲ್ಲಿಗೆ ಮಣ್ಣುಪಾಲಾಯಿತು. ಹಳೆಯ ಎರಡು ದೂರುಗಳನ್ನು ವಜಾ ಮಾಡುವುದಾಗಿ, ಕೆಲಸಕ್ಕೇನೂ ತೊಂದರೆಯಿಲ್ಲವೆಂದು ಹೇಳಿ ಸಾಹೇಬರು ಕಾರು ಹತ್ತಿದರು. ಹತ್ತಿದವರು ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಒಂದೇ ಗಂಟೆಯಲ್ಲಿ ನನಗೆ ಸಾಕಾಯ್ತು ರೀ. ಇವರನ್ನ ಕಟ್ಕೊಂಡು ಬಾಳೋನ ಗತಿ ಏನು?"

"ಪಾಪ ಸಾರ್," ಎಂದ ಗೈಡ್, ಮನಸಾರೆ.

ಐದೂವರೆಗೆ ಬೀಗ ಹಾಕಿ ಅವನು ಬಸ್ ನಿಲ್ದಾಣಕ್ಕೆ ಬಂದಾಗ ಆ ನಾಲ್ವರೂ ಅಲ್ಲೇ ಕೂತಿದ್ದರು. ಅವನು ಸೀದಾ ಅಜ್ಜಿಯ ಮುಂದೆ ಹೋಗಿ ನಿಂತ.

"ಬಂದು ನಾಲ್ಕು ಒಳ್ಳೇ ಮಾತು ಹೇಳಿ ಅಂತ ಅಲ್ವಾ ಅತ್ತೆ, ನಾನು ನಿನ್ನೆ ಕೈಮುಗಿದು ಕೇಳ್ಕೊಂಡಿದ್ದು?"

"ಒಂಬತ್ತು ವರ್ಷದಿಂದ ಬಾಯಿ ಹೊಲ್ಕೊಂಡಿದ್ದೆ ಅಳಿಯಂದಿರೇ," ಎಂದು ಅತ್ತೆ ವಿನಯದಿಂದ ಎದ್ದು ಅವನಿಗೆ ಜಾಗ ಬಿಟ್ಟುಕೊಟ್ಟರು, "ಇವತ್ತು ಟಿಕೆಟ್ ತಗೊಂಡಿದ್ದೆ."